ವರಂಗರ್‌ಗೆ ಹಕ್ಕಿ ನೋಡಲು ಹೊರಟಿದ್ದೀರಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾರ್ವೆಯ ಈಶಾನ್ಯ ತುದಿಯಲ್ಲಿ ವರಂಗರ್ ಅನ್ನೋ ಪರ್ಯಾಯ ದ್ವೀಪ ಇದೆ. ಹಕ್ಕಿ ಹುಚ್ಚಿನವರು ಆರ್ಕ್‌ಟಿಕ್ ಕಡೆ ಹೋಗೋಣ ಅಂತ ಮಾತು ತೆಗೆದರೆ ಕೊನೆಗೆ ಬಂದು ನಿಲ್ಲುವುದು ಅಲ್ಲಿಗೇ. ಹೊರಟವರೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಆಗಿರುತ್ತವೆ. ಅದಕ್ಕೇ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಪಟ್ಟಿ ಉದ್ದ ಮಾಡಿಕೊಳ್ಳುವ ಜಾಗ ಅಲ್ಲ. ಒಂದು ಬೆಳಿಗ್ಗೆ ದಾಂಡೇಲಿಯಲ್ಲಿ ಸಿಗುವಷ್ಟು ಬಗೆಯ ಹಕ್ಕಿಗಳು ಇಲ್ಲಿ ಎಷ್ಟೋ ಸಲ ಇಡೀ ದಿನ ತಿರುಗಿದರೂ ಸಿಗುವುದಿಲ್ಲ. ಸಿಗುವ ಹಕ್ಕಿ ಮಾತ್ರ ಕಣ್ಣೆದುರೇ ಇರುತ್ತದೆ, ಗಂಟೆಗಟ್ಟಲೆ ಇರುತ್ತದೆ. ಕೂತು ನೋಡುವ ತಾಳ್ಮೆ ಇದ್ದವರಿಗೆ ಮಾತ್ರ ಈ ಊರು ಒಲಿಯುತ್ತದೆ.

ವರಂಗರ್‌ಗೇ ಯಾಕೆ ಹೋಗಬೇಕು? ಆರ್ಕ್‌ಟಿಕ್ ಅಂದರೆ ಬೇರೆ ಜಾಗಗಳೂ ಇವೆ ಅಲ್ವಾ?

ಇವೆ. ಆದರೆ 70 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬಹುಪಾಲು ಜಾಗಗಳಿಗೆ ಹಡಗು ಅಥವಾ ಸಣ್ಣ ವಿಮಾನ ಬೇಕು, ಕೈತುಂಬ ದುಡ್ಡು ಬೇಕು. ವರಂಗರ್‌ಗೆ ಕಾರಿನಲ್ಲೇ ಹೋಗಬಹುದು. ಯುರೋಪಿನ ಇ75 ಹೆದ್ದಾರಿ ಗ್ರೀಸಿನ ಕ್ರೀಟ್ ದ್ವೀಪದಿಂದ ಶುರುವಾಗಿ ಇಲ್ಲಿನ ವಾರ್ಡೊ ಪಟ್ಟಣದಲ್ಲಿ ಮುಗಿಯುತ್ತದೆ. ಒಂದೇ ರಸ್ತೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಟುಂಡ್ರಾ.

ಅಟ್ಲಾಂಟಿಕ್ ಕಡೆಯಿಂದ ಬರುವ ಬೆಚ್ಚನೆಯ ಪ್ರವಾಹದಿಂದಾಗಿ ಇಲ್ಲಿನ ಬಂದರುಗಳು ನಡುಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ಸೈಬೀರಿಯಾದ ಕಡಲ ಬಾತುಗಳು ಚಳಿ ಕಳೆಯಲು ಇಲ್ಲಿಗೆ ಬರುತ್ತವೆ. ವಾರ್ಡೊ ಇಸ್ತಾಂಬುಲ್‌ಗಿಂತಲೂ ಪೂರ್ವಕ್ಕಿದೆ ಅಂದರೆ ಜನ ನಂಬುವುದಿಲ್ಲ. ಭೂಪಟ ತೆಗೆದು ನೋಡಿ. ಸೈಬೀರಿಯಾದ ಹಕ್ಕಿಗಳು ಇಲ್ಲಿ ಯಾಕೆ ಸಿಗುತ್ತವೆ ಅನ್ನೋದು ಆಗ ಗೊತ್ತಾಗುತ್ತದೆ.

ಯಾವ ತಿಂಗಳಲ್ಲಿ ಹೋಗಬೇಕು?

ಏನು ನೋಡಬೇಕು ಅನ್ನೋದರ ಮೇಲೆ ಹೋಗುತ್ತದೆ. ಇಲ್ಲಿ ನಿಜವಾಗಿ ಎರಡು ಕಾಲ.

ಮೊದಲನೆಯದು ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ. ನೆಲದ ಮೇಲೆಲ್ಲ ಹಿಮ. ಬಂದರುಗಳಲ್ಲಿ ಐಡರ್ ಬಾತುಗಳು, ಉದ್ದ ಬಾಲದ ಬಾತುಗಳು, ಉತ್ತರದ ದೊಡ್ಡ ಬಿಳಿ ಗಲ್‌ಗಳು. ಕ್ಯಾಪೆಲಿನ್ ಅನ್ನೋ ಸಣ್ಣ ಮೀನು ಮೊಟ್ಟೆ ಇಡಲು ದಡದ ಕಡೆ ಬರುವ ಕಾಲ ಇದು. ಅದರ ಹಿಂದೆಯೇ ಕಡಲ ಹಕ್ಕಿಗಳು ಬಂಡೆಗಳಿಗೆ ಮರಳುತ್ತವೆ. ಶುರುವಿನಲ್ಲಿ ಹಗಲು ಹೆಚ್ಚುಕಮ್ಮಿ ನಮ್ಮಷ್ಟೇ ಇರುತ್ತದೆ, ಆಮೇಲೆ ಬೇಗ ಬೇಗ ಉದ್ದವಾಗುತ್ತದೆ. ಆಕಾಶ ತಿಳಿಯಾಗಿದ್ದರೆ ರಾತ್ರಿ ಧ್ರುವ ಬೆಳಕೂ ಕಾಣಬಹುದು.

ಎರಡನೆಯದು ಮೇ ಕೊನೆಯಿಂದ ಜೂನ್ ಕೊನೆಯವರೆಗೆ. ಹಿಮ ಕರಗಿ ಟುಂಡ್ರಾ ತೆರೆದುಕೊಳ್ಳುತ್ತದೆ, ಗೊರವದ ಜಾತಿಯ ಹಕ್ಕಿಗಳು ಮದುವೆ ಬಟ್ಟೆಯಲ್ಲಿ ಬಂದಿಳಿಯುತ್ತವೆ. ಎಲ್ಲವೂ ಹಾಡುತ್ತವೆ, ಜಗಳ ಆಡುತ್ತವೆ, ಗೂಡು ಕಟ್ಟುತ್ತವೆ.

ಜುಲೈನಲ್ಲಿ ಮರಿಗಳ ಗಲಾಟೆ. ತಿಂಗಳ ಕೊನೆಗೆ ಬಂಡೆಗಳ ಮೇಲಿನ ಗಿಲೆಮಾಟ್ ಅನ್ನೋ ಕಪ್ಪು ಬಿಳಿ ಕಡಲ ಹಕ್ಕಿಗಳು ಸಮುದ್ರಕ್ಕೆ ಹೋಗಿಬಿಟ್ಟಿರುತ್ತವೆ. ಆಗಸ್ಟ್‌ನಲ್ಲಿ ಗೊರವಗಳು ದಕ್ಷಿಣಕ್ಕೆ ಹೊರಡುತ್ತವೆ. ನವೆಂಬರ್ ಕೊನೆಯಿಂದ ಜನವರಿಯವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಆಗ ಹಕ್ಕಿ ನೋಡಲು ಹೋಗುವುದು ಸುಮ್ನೆ ದಂಡ.

ಜೀವನದಲ್ಲಿ ಒಂದೇ ಸಲ ಹೋಗಲು ಆಗುವುದು. ಮಾರ್ಚೋ, ಜೂನೋ?

ಜೂನ್ ಮೊದಲ ವಾರ. ನನಗೆ ಇಷ್ಟ ಮಾರ್ಚ್, ಅದು ಬೇರೆ ಮಾತು. ಎರಡೂ ಸಿಗಲಿ ಅಂತ ಮೇ ಮೊದಲ ವಾರ ಇಟ್ಟುಕೊಳ್ಳುವವರಿದ್ದಾರೆ. ಅಷ್ಟು ಹೊತ್ತಿಗೆ ಐಡರ್‌ಗಳು ಬಹುಪಾಲು ಹೋಗಿರುತ್ತವೆ, ಟುಂಡ್ರಾ ಇನ್ನೂ ಹಿಮದ ಕೆಳಗೇ ಇರುತ್ತದೆ.

ಐಡರ್ ಬಾತುಗಳ ಬಗ್ಗೆ ಎಲ್ಲರೂ ಮಾತಾಡುತ್ತಾರಲ್ಲ, ಅದರಲ್ಲಿ ಏನು ವಿಶೇಷ?

ಸ್ಟೆಲ್ಲರ್ಸ್ ಐಡರ್‌ನಿಂದ ಶುರು ಮಾಡೋಣ. ಐಡರ್‌ಗಳಲ್ಲೆಲ್ಲ ಚಿಕ್ಕದು ಇದು, ಉದ್ದ ಒಂದೂವರೆ ಅಡಿ ಅಷ್ಟೇ. ಸೈಬೀರಿಯಾ ಮತ್ತು ಅಲಾಸ್ಕಾದ ಟುಂಡ್ರಾದಲ್ಲಿ ಗೂಡು ಕಟ್ಟುತ್ತದೆ. ಪ್ರಪಂಚದಲ್ಲಿ ಇದರ ಸಂಖ್ಯೆ ಇಳಿಯುತ್ತಿದೆ, ಅಪಾಯದ ಅಂಚಿನಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿದೆ. ಯುರೋಪಿನಲ್ಲಿ ಇದನ್ನು ಸುಲಭವಾಗಿ ನೋಡಲು ವರಂಗರ್‌ಗಿಂತ ಒಳ್ಳೆಯ ಜಾಗ ಇಲ್ಲ. ಒಂದು ಕಾಲದಲ್ಲಿ ಈ ಕಡಲತೋಳಿನಲ್ಲಿ ಸಾವಿರಗಟ್ಟಲೆ ಸೇರುತ್ತಿದ್ದವು. ಈಗ ಕಡಿಮೆ. ಆಚೆ ರಷ್ಯಾ ಕಡೆ ಸಮುದ್ರದ ಮಂಜುಗಡ್ಡೆ ಕಮ್ಮಿಯಾಗಿ, ಅವು ಅಲ್ಲೇ ಪೂರ್ವದಲ್ಲಿ ಉಳಿಯುವುದು ಜಾಸ್ತಿಯಾಗಿದೆ.

ವಾಡ್ಸೊ (ವಾರ್ಡೊ ಅಲ್ಲ, ಇದು ಅದೇ ಕರಾವಳಿಯ ಇನ್ನೊಂದು ಊರು) ಬಂದರಿನಲ್ಲಿ ಒಂದು ಗುಂಪನ್ನು ಸುಮ್ಮನೆ ನೋಡುತ್ತಾ ನಿಲ್ಲಿ. ಗಂಡಿನ ತಲೆ ಬಿಳಿ, ಹಿಂದೆಲೆಯಲ್ಲಿ ಒಂದು ಪುಟ್ಟ ಹಸಿರು ಜುಟ್ಟು, ಗಲ್ಲ ಕಪ್ಪು, ಎದೆ ಹೊಟ್ಟೆ ತಿಳಿ ಕಿತ್ತಳೆ, ಎದೆಯ ಪಕ್ಕದಲ್ಲಿ ದೃಷ್ಟಿಬೊಟ್ಟು ಇಟ್ಟ ಹಾಗೆ ಒಂದು ಕಪ್ಪು ಚುಕ್ಕೆ. ಗುಂಪಿನಲ್ಲಿ ಒಂದು ಮುಳುಗಿದರೆ ಎಲ್ಲವೂ ಒಟ್ಟಿಗೆ ಮುಳುಗುತ್ತವೆ. ನೀರು ಖಾಲಿ. ನೀವು ಎಲ್ಲಿ ಹೋದವು ಅಂತ ಹುಡುಕುವಷ್ಟರಲ್ಲಿ ಒಟ್ಟಿಗೇ ಮೇಲೆ ಬರುತ್ತವೆ.

ಇನ್ನೊಂದು ಕಿಂಗ್ ಐಡರ್. ಗಂಡಿನ ಕೊಕ್ಕು ಕೆಂಪು, ಅದರ ಬುಡದಲ್ಲಿ ದಪ್ಪ ಕಿತ್ತಳೆ ಉಬ್ಬು, ನೆತ್ತಿ ನೀಲಿ ಬೂದು, ಕೆನ್ನೆ ತಿಳಿ ಹಸಿರು. ಚಿತ್ರದಲ್ಲಿ ನೋಡಿದರೆ ಯಾರೋ ಬಣ್ಣ ಬಳಿದಿದ್ದಾರೆ ಅನಿಸುತ್ತದೆ, ಎದುರಿಗೆ ನೋಡಿದರೂ ಹಾಗೇ ಅನಿಸುತ್ತದೆ. ಫೋಟೊ ತೆಗೆಯುವವರಿಗೆ ಬೋಟ್ಸ್‌ಫ್ಯೋರ್ಡ್ ಬಂದರಿನಲ್ಲಿ ನೀರಿನ ಮೇಲೆ ತೇಲುವ ಅಡಗುತಾಣ ಇದೆ. ಬೆಳಕು ಹರಿಯುವ ಮುಂಚೆ ಅದರೊಳಗೆ ಹೋಗಿ ಕೂರಬೇಕು. ಬಾತುಗಳು ಕ್ಯಾಮೆರಾದ ಮಟ್ಟದಲ್ಲೇ ತೀರಾ ಹತ್ತಿರ ಬರುತ್ತವೆ. ಜಾಗ ಸ್ವಲ್ಪವೇ ಇರುವುದರಿಂದ ತಿಂಗಳುಗಳ ಮುಂಚೆ ಕಾಯ್ದಿರಿಸಿ.

ಜೂನ್‌ನಲ್ಲಿ ಹೋದರೂ ಪೂರ್ತಿ ಆಸೆ ಬಿಡಬೇಡಿ. ಇನ್ನೂ ಪ್ರಾಯಕ್ಕೆ ಬರದ ಕೆಲವು ಬಾತುಗಳು ಬೇಸಿಗೆಯಲ್ಲೂ ವಾಡ್ಸೊ, ಎಕ್ಕರೊಯ್ ಸುತ್ತ ಉಳಿಯುವುದುಂಟು. ಬಣ್ಣ ಮಾತ್ರ ಮಂಕು.

ಹೊರ್ನೊಯಾ ದ್ವೀಪಕ್ಕೆ ಹೋಗಲೇಬೇಕಾ?

ಹೋಗಲೇಬೇಕು. ಬೇರೆ ಎಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ವಾರ್ಡೊ ಪಟ್ಟಣವೇ ಒಂದು ದ್ವೀಪದ ಮೇಲಿದೆ. ಸಮುದ್ರದ ಅಡಿಯಲ್ಲಿ ಸುಮಾರು 2.9 ಕಿಲೋಮೀಟರ್ ಉದ್ದದ ಸುರಂಗದಲ್ಲಿ ಕಾರು ಓಡಿಸಿಕೊಂಡು ಹೋಗಬೇಕು. ನಾರ್ವೆಯಲ್ಲಿ ಸಮುದ್ರದ ಅಡಿ ಕೊರೆದ ಮೊದಲ ರಸ್ತೆ ಸುರಂಗ ಅದು. ವಾರ್ಡೊ ಬಂದರಿನಿಂದ ಸಣ್ಣ ದೋಣಿ, ಹತ್ತು ನಿಮಿಷದ ದಾರಿ. ಅಷ್ಟರಲ್ಲೇ ದೋಣಿಯ ಸುತ್ತ ನೀರಿನ ತುಂಬ ಗಿಲೆಮಾಟ್, ರೇಜರ್‌ಬಿಲ್, ಪಫಿನ್. ಮೇಲೆ ಆಕಾಶದಲ್ಲೂ ಅವೇ.

ದೋಣಿ ಇಳಿದ ಕೂಡಲೇ ಮೂಗಿಗೆ ಬಡಿಯುವುದು ವಾಸನೆ. ಆಮೇಲೆ ಸದ್ದು. ಬಂಡೆಯ ಒಂದೊಂದು ಅಂಚಿನಲ್ಲೂ ಗಿಲೆಮಾಟ್‌ಗಳು ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತವೆ, ಕಿಟ್ಟಿವೇಕ್ ಅನ್ನೋ ಸಣ್ಣ ಗಲ್‌ಗಳು ತಮ್ಮ ಹೆಸರನ್ನೇ ಕೂಗುತ್ತಿರುತ್ತವೆ. ಕಾಲುದಾರಿಯ ಪಕ್ಕದಲ್ಲೇ ಶ್ಯಾಗ್ ಅನ್ನೋ ನೀರುಕಾಗೆ ಜಾತಿಯ ಹಕ್ಕಿ ಗೂಡು ಕಟ್ಟಿರುತ್ತದೆ. ಮೈಯೆಲ್ಲ ಎಣ್ಣೆ ಹಚ್ಚಿದ ಹಸಿರು ಹೊಳಪು, ಕಣ್ಣು ಪಚ್ಚೆ. ನೀವು ದಾಟುವಾಗ ಅದು ಎದ್ದು ಹೋಗುವುದಿಲ್ಲ. ಕತ್ತು ಚಾಚಿ ಬಾಯಿ ತೆರೆದು ಬುಸುಗುಡುತ್ತದೆ. ಬಾಯೊಳಗೆ ಹಳದಿ. ತಲೆ ತಗ್ಗಿಸಿ ಮುಂದೆ ಹೋಗಿ, ದಾರಿಯ ಹಕ್ಕು ಅದರದು.

ಮೇಲಿನ ಹುಲ್ಲಿನ ಇಳಿಜಾರಿನಲ್ಲಿ ಪಫಿನ್‌ಗಳ ಬಿಲಗಳಿವೆ. ಅಲ್ಲಿ ಕೂತು ಅರ್ಧ ಗಂಟೆ ಅಲುಗಾಡದೆ ಇದ್ದರೆ ಪಕ್ಕದಲ್ಲೇ ಬಂದು ಇಳಿಯುತ್ತವೆ. ಗುರುತು ಹಾಕಿದ ದಾರಿ ಬಿಟ್ಟು ಒಂದು ಹೆಜ್ಜೆಯೂ ಇಡಬೇಡಿ. ಕಾಲಡಿ ಬಿಲ ಕುಸಿದರೆ ಒಳಗಿನ ಮೊಟ್ಟೆ ಹೋಯಿತು. ಈ ದ್ವೀಪ 1983ರಿಂದ ಸಂರಕ್ಷಿತ ಪ್ರದೇಶ. ದೂರದ ಸ್ವಾಲ್ಬಾರ್ಡ್ ದ್ವೀಪಗಳನ್ನು ಬಿಟ್ಟರೆ ನಾರ್ವೆಯ ಪೂರ್ವದ ತುತ್ತತುದಿಯೂ ಇದೇ. ಮೇಲೆ 1896ರ ದೀಪಸ್ತಂಭ ಇದೆ.

ಜೂನ್ ಕೊನೆ, ಜುಲೈನಲ್ಲಿ ಹೋದರೆ ಗಿಲೆಮಾಟ್ ಮರಿಗಳು ಜಿಗಿಯುವುದನ್ನು ನೋಡಬಹುದು. ಮರಿಗೆ ಮೂರು ವಾರ ಅಷ್ಟೇ ಆಗಿರುತ್ತದೆ, ಹಾರಲು ಬರುವುದಿಲ್ಲ. ಅಪ್ಪ ಕೆಳಗೆ ನೀರಿನಿಂದ ಕರೆಯುತ್ತದೆ. ಮರಿ ಅಂಚಿಗೆ ಬರುತ್ತದೆ, ಹಿಂದೆ ಹೋಗುತ್ತದೆ, ಮತ್ತೆ ಬರುತ್ತದೆ, ಕೊನೆಗೆ ಜಿಗಿದುಬಿಡುತ್ತದೆ. ಆಮೇಲೆ ಅಪ್ಪನ ಜೊತೆ ಈಜುತ್ತಾ ಸಮುದ್ರಕ್ಕೆ. ಅಮ್ಮ ಈ ಪ್ರಯಾಣದಲ್ಲಿ ಇರುವುದಿಲ್ಲ.

ಗಿಲೆಮಾಟ್‌ಗಳಲ್ಲಿ ಬ್ರೂನಿಕ್ಸ್ ಯಾವುದು ಅಂತ ಹೇಗೆ ಕಂಡುಹಿಡಿಯುವುದು?

ಹೊರ್ನೊಯಾಗೆ ಹೋದವರು ಎಲ್ಲರೂ ಒದ್ದಾಡುವುದು ಇಲ್ಲೇ. ಸಾವಿರಾರು ಸಾಮಾನ್ಯ ಗಿಲೆಮಾಟ್‌ಗಳ ನಡುವೆ ಬ್ರೂನಿಕ್ಸ್ ಗಿಲೆಮಾಟ್ ಅಲ್ಲೊಂದು ಇಲ್ಲೊಂದು. ಮೊದಲು ಬಣ್ಣ ನೋಡಿ. ಇಲ್ಲಿನ ಸಾಮಾನ್ಯ ಗಿಲೆಮಾಟ್ ಒಳ್ಳೆ ಬೆಳಕಿನಲ್ಲಿ ಕಂದುಗಪ್ಪು, ಬ್ರೂನಿಕ್ಸ್ ಅಚ್ಚ ಕಪ್ಪು. ಆಮೇಲೆ ಕೊಕ್ಕು ನೋಡಿ. ಬ್ರೂನಿಕ್ಸ್‌ನದು ಗಿಡ್ಡ, ದಪ್ಪ, ಬಾಯಿಯ ಅಂಚಿನ ಉದ್ದಕ್ಕೂ ಒಂದು ಬಿಳಿ ಗೆರೆ. ಎದೆಯ ಬಿಳಿ ಕುತ್ತಿಗೆಗೆ ಚೂಪಾಗಿ ಏರಿರುತ್ತದೆ, ಸಾಮಾನ್ಯದ್ದರಲ್ಲಿ ಮೊಂಡಾಗಿರುತ್ತದೆ.

ಕಣ್ಣಿನ ಸುತ್ತ ಬಿಳಿ ಉಂಗುರ, ಹಿಂದಕ್ಕೆ ಎಳೆದ ಗೆರೆ ಇರುವ ಹಕ್ಕಿ ಕಂಡು ಕುಣಿಯಬೇಡಿ. ಅದು ಸಾಮಾನ್ಯ ಗಿಲೆಮಾಟ್‌ನದೇ ಒಂದು ಬಗೆ. ಇನ್ನೊಂದು ಉಪಾಯ ಇದೆ: ದೋಣಿಯಲ್ಲಿ ಜೊತೆಗೆ ಬಂದವರಲ್ಲಿ ದೊಡ್ಡ ಟೆಲಿಸ್ಕೋಪ್ ಹಿಡಿದು ಒಂದೇ ಬಂಡೆಯ ಕಡೆ ಮುಖ ಮಾಡಿ ನಿಂತವರು ಯಾರು ನೋಡಿ, ಪಕ್ಕಕ್ಕೆ ಹೋಗಿ ಕೇಳಿ. ಸಂತೋಷದಿಂದ ತೋರಿಸುತ್ತಾರೆ.

ಕಡಲ ಹಕ್ಕಿಗಳು ಕಡಿಮೆಯಾಗುತ್ತಿವೆ ಅಂತ ಕೇಳಿದೆ. ನಿಜವಾ?

ನಿಜ. 1986–87ರ ಚಳಿಗಾಲದಲ್ಲಿ ಬ್ಯಾರೆಂಟ್ಸ್ ಸಮುದ್ರದ ಕ್ಯಾಪೆಲಿನ್ ಮೀನು ಒಮ್ಮೆಗೇ ಕುಸಿದಾಗ ಇಲ್ಲಿನ ಸಾಮಾನ್ಯ ಗಿಲೆಮಾಟ್‌ಗಳಲ್ಲಿ ಹತ್ತರಲ್ಲಿ ಎಂಟು ಮಾಯವಾದವು. ಹೊರ್ನೊಯಾದಲ್ಲಿ ಅವು ನಿಧಾನವಾಗಿ ಚೇತರಿಸಿಕೊಂಡಿವೆ. ನಾರ್ವೆಯ ಉಳಿದ ಎಷ್ಟೋ ಬಂಡೆಗಳಿಗೆ ಆ ಅದೃಷ್ಟ ಬರಲಿಲ್ಲ. ಕಿಟ್ಟಿವೇಕ್ ಕೂಡ ನಾರ್ವೆಯ ಅಳಿವಿನ ಅಂಚಿನ ಪಟ್ಟಿಯಲ್ಲಿದೆ.

2023ರ ಬೇಸಿಗೆಯಲ್ಲಿ ಹಕ್ಕಿಜ್ವರ ಬಂತು. ವಾಡ್ಸೊ ಊರಿನ ಬೀದಿ, ಕೆರೆ, ದಡಗಳಲ್ಲೆಲ್ಲ ಕಿಟ್ಟಿವೇಕ್‌ಗಳು ಸತ್ತು ಬಿದ್ದವು. ಸಾವಿರಾರು ಹೆಣಗಳನ್ನು ಎತ್ತಿ ಹಾಕಬೇಕಾಯಿತು. ಹಾಗಾಗಿ ಹೊರಡುವ ಮುಂಚೆ ಹೊರ್ನೊಯಾದಲ್ಲಿ ಇಳಿಯಲು ಬಿಡುತ್ತಿದ್ದಾರಾ ಅಂತ ವಿಚಾರಿಸಿ. ಸತ್ತ ಅಥವಾ ಜೋಮು ಹಿಡಿದು ಕೂತ ಹಕ್ಕಿ ಕಂಡರೆ ಮುಟ್ಟಬೇಡಿ. ಒಂದು ಬಂಡೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬೂಟು ಚೆನ್ನಾಗಿ ತೊಳೆಯಿರಿ.

ಟುಂಡ್ರಾ ಹಕ್ಕಿಗಳನ್ನು ಎಲ್ಲಿ ಹುಡುಕುವುದು?

ಹುಡುಕುವುದೇನು ಬಂತು, ವಾಡ್ಸೊ ಊರಿನಿಂದ ಸೇತುವೆ ದಾಟಿದರೆ ಶುರು. ಆಚೆಯ ಪುಟ್ಟ ದ್ವೀಪದಲ್ಲಿ ಒಂದು ಎತ್ತರದ ಕಬ್ಬಿಣದ ಕಂಬ ಇದೆ. 1926ರಲ್ಲಿ ನಾರ್ವೆಯ ಧ್ರುವ ಅನ್ವೇಷಕ ಅಮುಂಡ್ಸೆನ್ ಉತ್ತರ ಧ್ರುವದ ಮೇಲೆ ಹಾರಿಹೋದ ವಾಯುನೌಕೆಯನ್ನು, 1928ರಲ್ಲಿ ಇಟಲಿಯ ನೊಬಿಲೆಯ ವಾಯುನೌಕೆಯನ್ನು ಕಟ್ಟಿದ್ದ ಕಂಬ ಅದು. ಜನ ಅದರ ಫೋಟೊ ತೆಗೆದುಕೊಂಡು ಹೋಗುತ್ತಾರೆ. ನೀವು ಅದಕ್ಕೆ ಬೆನ್ನು ಹಾಕಿ ಪಕ್ಕದ ಕೊಳದ ದಡದಲ್ಲಿ ಕೂರಿ.

ಕೊಳದಲ್ಲಿ ಕೆಂಪು ಕತ್ತಿನ ಫ್ಯಾಲರೋಪ್ ಇರುತ್ತದೆ. ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡದು, ನೀರಿನ ಮೇಲೆ ಬುಗುರಿಯ ಹಾಗೆ ಗಿರಗಿರ ತಿರುಗುತ್ತದೆ. ಹಾಗೆ ತಿರುಗಿದಾಗ ಅಡಿಯ ನೀರು ಮೇಲೆ ಬಂದು ಸಣ್ಣ ಹುಳುಗಳು ಸಿಗುತ್ತವೆ. ತಿರುಗುತ್ತಲೇ ಎಡಕ್ಕೊಂದು ಬಲಕ್ಕೊಂದು ಕುಕ್ಕುತ್ತದೆ. ಬಣ್ಣ ಜಾಸ್ತಿ ಇರುವುದು ಹೆಣ್ಣು. ಗಂಡಿಗಾಗಿ ಜಗಳ ಆಡುವುದೂ ಹೆಣ್ಣೇ. ಮೊಟ್ಟೆ ಇಟ್ಟು ಹೊರಟುಬಿಡುತ್ತದೆ, ಕಾವು ಕೊಡುವುದು, ಮರಿ ನೋಡಿಕೊಳ್ಳುವುದು ಗಂಡಿನ ಪಾಲು. ಮನುಷ್ಯರ ಭಯವೇ ಇಲ್ಲ. ದುರ್ಬೀನಿನ ಕನಿಷ್ಠ ದೂರಕ್ಕಿಂತ ಹತ್ತಿರ ಬಂದು, ನೀವೇ ಹಿಂದೆ ಸರಿಯಬೇಕಾಗುತ್ತದೆ.

ನೆಸ್ಸೆಬಿಯ ಬಿಳಿ ಮರದ ಚರ್ಚ್ ಇರುವ ಭೂಚಾಚು ಇನ್ನೊಂದು ಒಳ್ಳೆಯ ಜಾಗ. 1858ರ ಚರ್ಚ್ ಅದು. 1944ರಲ್ಲಿ ಜರ್ಮನ್ ಸೇನೆ ಹಿಮ್ಮೆಟ್ಟುವಾಗ ಫಿನ್‌ಮಾರ್ಕ್ ಅನ್ನೋ ಈ ಪ್ರಾಂತ್ಯದ ಬಹುಪಾಲನ್ನು ಸುಟ್ಟರೂ ಇದು ಉಳಿಯಿತು. ಸುತ್ತಲಿನ ಕೆಸರಿನಲ್ಲಿ ಇಳಿತದ ಹೊತ್ತಿಗೆ ಗಾಡ್‌ವಿಟ್, ಡನ್ಲಿನ್, ಟೆಮ್ಮಿಂಕ್ಸ್ ಸ್ಟಿಂಟ್.

ರಫ್ ಹಕ್ಕಿಗಳ ಕುಣಿತ ಸಿಕ್ಕಿದರೆ ಆ ದಿನದ ಉಳಿದ ಕಾರ್ಯಕ್ರಮ ರದ್ದು ಮಾಡಿ. ಗಂಡುಗಳು ಒಂದು ದಿಬ್ಬದ ಮೇಲೆ ಸೇರುತ್ತವೆ. ಕುತ್ತಿಗೆಯ ಸುತ್ತ ಗರಿಗಳ ದೊಡ್ಡ ಕಾಲರ್. ಒಂದರದು ಕಪ್ಪು, ಒಂದರದು ಇಟ್ಟಿಗೆ ಕೆಂಪು, ಒಂದರದು ಬಿಳಿ, ಎರಡು ಒಂದೇ ಥರ ಇರುವುದು ಅಪರೂಪ. ಹಾರುತ್ತವೆ, ಎದುರು ಬದುರು ಬಗ್ಗುತ್ತವೆ, ಹಾಗೇ ಕಲ್ಲಾಗಿ ನಿಲ್ಲುತ್ತವೆ. ಕಪ್ಪು ಕಾಲರಿನವು ಜಾಗ ಹಿಡಿದು ಕಾಯುತ್ತವೆ, ಬಿಳಿಯವು ಪಕ್ಕದಲ್ಲಿ ಸುಳಿದಾಡುತ್ತವೆ. ಮೂರನೆಯ ಬಗೆಯ ಗಂಡು ನೋಡಲು ಹೆಣ್ಣಿನ ಹಾಗೇ ಇದ್ದು, ಜಗಳದ ನಡುವೆ ನುಸುಳಿ ತನ್ನ ಕೆಲಸ ಮುಗಿಸಿಕೊಳ್ಳುತ್ತದೆ. ಇಷ್ಟೆಲ್ಲ ಒಂದು ಸದ್ದೂ ಇಲ್ಲದೆ ನಡೆಯುತ್ತದೆ.

ಬೋಟ್ಸ್‌ಫ್ಯೋರ್ಡ್‌ಗೆ ಹೋಗುವ ಎತ್ತರದ ಬಯಲು ರಸ್ತೆಯಲ್ಲಿ ಉದ್ದ ಬಾಲದ ಸ್ಕುವಾ, ಡಾಟರೆಲ್, ಕೊಂಬಿನ ಬಾನಾಡಿ, ಲ್ಯಾಪ್‌ಲ್ಯಾಂಡ್ ಬಂಟಿಂಗ್. ವಾರ್ಡೊದಿಂದ ಹಾಮ್ನಿಂಗ್‌ಬರ್ಗ್ ಅನ್ನೋ ಬಿಟ್ಟುಹೋದ ಮೀನುಗಾರರ ಹಳ್ಳಿಯ ದಾರಿಯಲ್ಲಿ ಕೆಂಪು ಗಂಟಲಿನ ಪಿಪಿಟ್. ಆ ರಸ್ತೆ ಚಳಿಗಾಲದಲ್ಲಿ ಮುಚ್ಚಿರುತ್ತದೆ. ದಾರಿಯ ಬಂಡೆಗಳನ್ನು ನೋಡಲಾದರೂ ಹೋಗಿ.

ನಮ್ಮ ಕಡೆ ಚಳಿಗಾಲದಲ್ಲಿ ಬರುವ ಹಕ್ಕಿಗಳು ಅಲ್ಲಿ ಸಿಗುತ್ತವಾ?

ಸಿಗುತ್ತವೆ, ಗುರುತು ಸಿಗುವುದು ಕಷ್ಟ. ಹೆಸರಘಟ್ಟದ ಜೊಂಡಿನಲ್ಲಿ ಓಡಾಡುವ ಬ್ಲೂಥ್ರೋಟ್ ಗೊತ್ತಲ್ಲ? ವರಂಗರ್‌ನ ಪೊದೆಗಳಲ್ಲಿ ಅದು ತುದಿಗೆ ಏರಿ, ನೀಲಿ ಗಂಟಲು ಉಬ್ಬಿಸಿ, ಬೇರೆ ಹಕ್ಕಿಗಳ ದನಿಯನ್ನೆಲ್ಲ ಕದ್ದು ಹಾಡುತ್ತದೆ. ನಾರ್ವೆಯ ಬ್ಲೂಥ್ರೋಟ್‌ಗಳಿಗೆ ಬೆಳಕು ಅಳೆಯುವ ಪುಟ್ಟ ಯಂತ್ರ ಕಟ್ಟಿ ನೋಡಿದಾಗ ಅವು ಆಫ್ರಿಕಾಕ್ಕೆ ಹೋಗದೆ ಭಾರತ, ಪಾಕಿಸ್ತಾನದ ಕಡೆ ಬರುವುದು ಖಚಿತವಾಯಿತು.

ಫ್ಯಾಲರೋಪ್‌ನದು ಇನ್ನೂ ದೊಡ್ಡ ಕತೆ. ಸ್ಕ್ಯಾಂಡಿನೇವಿಯಾದ ಕೆಂಪು ಕತ್ತಿನ ಫ್ಯಾಲರೋಪ್‌ಗಳು ಚಳಿಗಾಲ ಕಳೆಯುವುದು ನಮ್ಮ ಅರಬ್ಬಿ ಸಮುದ್ರದಲ್ಲಿ, ದಡದಿಂದ ದೂರ, ನೀರಿನ ಮೇಲೇ. ಅದೇ ಜಾತಿಯ ಸ್ಕಾಟ್ಲೆಂಡಿನ ಹಕ್ಕಿ ಅಟ್ಲಾಂಟಿಕ್ ದಾಟಿ ದಕ್ಷಿಣ ಅಮೆರಿಕದ ಪೆಸಿಫಿಕ್ ಕಡೆ ಹೋಗಿದ್ದು 2013ರ ಹೊತ್ತಿಗೆ ಗೊತ್ತಾಯಿತು. ಕರಾವಳಿಯಿಂದ ಆಳ ಸಮುದ್ರಕ್ಕೆ ಹೋಗುವ ನಮ್ಮ ಹಕ್ಕಿ ಗೆಳೆಯರು ನೋಡುವ ಬೂದು ಬಿಳಿ ಫ್ಯಾಲರೋಪ್ ಬೇಸಿಗೆಯಲ್ಲಿ ವಾಡ್ಸೊದ ಕೊಳದಲ್ಲಿ ಇದ್ದಿರಲೂಬಹುದು.

ರಫ್, ಲಿಟಲ್ ಸ್ಟಿಂಟ್, ಟೆಮ್ಮಿಂಕ್ಸ್ ಸ್ಟಿಂಟ್ ಕೂಡ ಇದೇ ಸಾಲಿಗೆ ಬರುತ್ತವೆ. ಉತ್ತರ ಕರ್ನಾಟಕದ ಕೆರೆ ಅಂಗಳದಲ್ಲಿ ಮಣ್ಣು ಬಣ್ಣದ ರಫ್ ನೋಡಿ "ಇದೇನು ಮಹಾ" ಅಂದವರು ಜೂನ್‌ನಲ್ಲಿ ಇಲ್ಲಿಗೆ ಬರಬೇಕು.

ಬಿಳಿ ಗೂಬೆ, ಜಿರ್‌ಫಾಲ್ಕನ್ ಗ್ಯಾರಂಟಿನಾ?

ಇಲ್ಲ. ಗ್ಯಾರಂಟಿ ಅಂತ ಹೇಳುವವರನ್ನು ನಂಬಬೇಡಿ.

ಬಿಳಿ ಗೂಬೆ ಲೆಮ್ಮಿಂಗ್ ಅನ್ನೋ ಇಲಿ ಜಾತಿಯನ್ನು ನಂಬಿ ಬದುಕುತ್ತದೆ. ಲೆಮ್ಮಿಂಗ್‌ಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ಹೆಚ್ಚಾಗುತ್ತವೆ, ಆಮೇಲೆ ಕುಸಿಯುತ್ತವೆ. ಹೆಚ್ಚಾದ ವರ್ಷ ಗೂಬೆ ಬರಬಹುದು. ಉಳಿದ ವರ್ಷ ಒಂದೂ ಇಲ್ಲ. ಜಿರ್‌ಫಾಲ್ಕನ್ ಪ್ರಪಂಚದ ಅತಿ ದೊಡ್ಡ ಫಾಲ್ಕನ್, ವರ್ಷವಿಡೀ ಇಲ್ಲೇ ಇರುತ್ತದೆ. ಮಾರ್ಚ್‌ನಲ್ಲಿ ಕಡಲ ಹಕ್ಕಿಗಳ ಬಂಡೆಯ ಮೇಲೆ ಬೇಟೆಗೆ ಬರುವುದುಂಟು. ಎಕ್ಕರೊಯ್‌ನ ಕಿಟ್ಟಿವೇಕ್‌ಗಳೆಲ್ಲ ಒಮ್ಮೆಗೇ ಎದ್ದು ಹಾರಿದರೆ ತಲೆ ಎತ್ತಿ ನೋಡಿ. ಎಷ್ಟೋ ಸಲ ಬಿಳಿ ಬಾಲದ ಹದ್ದು, ಅಪರೂಪಕ್ಕೆ ಜಿರ್. ಗೂಡು ಎಲ್ಲಿ ಅಂತ ಯಾರನ್ನೂ ಕೇಳಬೇಡಿ. ಮೊಟ್ಟೆ ಕಳ್ಳರ ಕಾಟದಿಂದ ಆ ಮಾಹಿತಿಯನ್ನು ಗುಟ್ಟಾಗಿ ಇಡುತ್ತಾರೆ, ಕೇಳಿದವರ ಬಗ್ಗೆಯೇ ಅನುಮಾನ ಬರುತ್ತದೆ.

ಸೂರ್ಯ ಮುಳುಗುವುದೇ ಇಲ್ಲವಂತೆ. ನಿದ್ದೆ ಹೇಗೆ?

ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಮುಳುಗುವುದಿಲ್ಲ. ಕಣ್ಣಿಗೆ ಕಟ್ಟುವ ಪಟ್ಟಿ ತೆಗೆದುಕೊಂಡು ಹೋಗಿ. ಮೊದಲ ದಿನ ಉತ್ಸಾಹದಲ್ಲಿ ಯಾರೂ ಮಲಗುವುದಿಲ್ಲ, ಮೂರನೆಯ ದಿನ ಕಾರು ಓಡಿಸುತ್ತಾ ತೂಕಡಿಸುತ್ತಾರೆ. ನನ್ನ ಸಲಹೆ ಉಲ್ಟಾ ದಿನಚರಿ. ರಾತ್ರಿ ಒಂಬತ್ತರಿಂದ ಬೆಳಗಿನ ಮೂರು ನಾಲ್ಕರವರೆಗೆ ಹಕ್ಕಿ ನೋಡಿ, ಆಮೇಲೆ ಮಲಗಿ. ಆ ಹೊತ್ತಿನಲ್ಲಿ ಬೆಳಕು ಮೃದು, ರಸ್ತೆ ಖಾಲಿ, ಹಕ್ಕಿಗಳೂ ಚುರುಕು.

ಚಳಿ ತಡೆಯಲು ಆಗುತ್ತಾ?

ತಡೆಯಬಹುದು, ಗಾಳಿಯದೇ ಕಷ್ಟ. ಜೂನ್‌ನಲ್ಲೂ ಕರಾವಳಿಯಲ್ಲಿ ಐದು ಹತ್ತು ಡಿಗ್ರಿ ಇರುವುದು ಮಾಮೂಲು. ಮಾರ್ಚ್‌ನಲ್ಲಿ ಸೊನ್ನೆಗಿಂತ ಕೆಳಗೆ, ಜೊತೆಗೆ ಗಾಳಿ. ಒಂದು ದಪ್ಪ ಕೋಟಿಗಿಂತ ಉಣ್ಣೆಯ ಒಳ ಅಂಗಿ, ಅದರ ಮೇಲೊಂದು ಸ್ವೆಟರ್, ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್, ಹೀಗೆ ಪದರ ಪದರವಾಗಿ ಹಾಕಿಕೊಳ್ಳಿ. ಕೈಗವಸು ಎರಡು ಜೊತೆ: ಒಳಗೆ ತೆಳುವಾದದ್ದು, ಮೇಲೆ ದಪ್ಪನೆಯದು. ದುರ್ಬೀನಿನ ಫೋಕಸ್ ತಿರುಗಿಸಲು ಬರಿಗೈ ತೆಗೆದರೆ ಐದೇ ನಿಮಿಷಕ್ಕೆ ಬೆರಳು ಮರಗಟ್ಟುತ್ತದೆ. ಮಾರ್ಚ್‌ನಲ್ಲಿ ಬೂಟಿನ ಅಡಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಬೇಕೇ ಬೇಕು, ಅಲ್ಲಿನ ಅಂಗಡಿಗಳಲ್ಲೇ ಸಿಗುತ್ತದೆ.

ಗಾಳಿಗೆ ಇನ್ನೊಂದು ಮದ್ದು ಅಲ್ಲೇ ಇದೆ. ವಾರ್ಡೊದ ಬಯೋಟೋಪ್ ಅನ್ನೋ ವಾಸ್ತುಶಿಲ್ಪಿಗಳ ಸಂಸ್ಥೆ ಹಕ್ಕಿ ನೋಡುವವರಿಗೆಂದೇ ಮರದ ಗಾಳಿತಡೆಗಳನ್ನು ವಿನ್ಯಾಸ ಮಾಡಿದೆ. ಕರಾವಳಿಯ ಉದ್ದಕ್ಕೂ ಸಿಗುತ್ತವೆ. ಹೊರಗೆ ನಿಲ್ಲಲಾಗದ ದಿನವೂ ಒಳಗೆ ಟೆಲಿಸ್ಕೋಪ್ ಅಲುಗಾಡದೆ ನಿಲ್ಲುತ್ತದೆ. ಹಕ್ಕಿ ನೋಡುವವರೇ ಕಟ್ಟಿದ್ದು ಅಂತ ಕೂತ ಕೂಡಲೇ ಗೊತ್ತಾಗುತ್ತದೆ.

ಸೊಳ್ಳೆ?

ಕರಾವಳಿಯಲ್ಲಿ ಗಾಳಿ ಇರುವುದರಿಂದ ಕಮ್ಮಿ. ಒಳನಾಡಿನಲ್ಲಿ ಜೂನ್ ಕೊನೆಯಿಂದ ಜುಲೈ ಪೂರ್ತಿ ಮುಖಕ್ಕೆ ಬಲೆ ಬೇಕು.

ತಲುಪುವುದು ಹೇಗೆ? ಕಾರು ಇಲ್ಲದೆ ಆಗುತ್ತಾ?

ಷೆಂಗೆನ್ ವೀಸಾ ಬೇಕು. ಓಸ್ಲೊದಿಂದ ಕಿರ್ಕೆನೆಸ್‌ಗೆ ವಿಮಾನ ಎರಡು ಗಂಟೆಯ ದಾರಿ. ಅಲ್ಲಿಂದ ವಾಡ್ಸೊಗೆ ರಸ್ತೆಯಲ್ಲಿ ಸುಮಾರು 170 ಕಿಲೋಮೀಟರ್. ಫಿನ್‌ಲೆಂಡಿನ ಇವಾಲೊ ಕಡೆಯಿಂದ ಬರುವವರೂ ಇದ್ದಾರೆ, ದಾರಿಯಲ್ಲಿ ಕಾಡಿನ ಹಕ್ಕಿಗಳೂ ಸಿಗುತ್ತವೆ.

ಬಸ್ಸು, ಹಡಗು ಎರಡೂ ಇವೆ. ಆದರೂ ಕಾರು ಬಿಟ್ಟರೆ ಪ್ರಯೋಜನ ಇಲ್ಲ. ಬೇಕೆಂದಲ್ಲಿ ನಿಲ್ಲಿಸುವುದೇ ಇಲ್ಲಿನ ಹಕ್ಕಿ ವೀಕ್ಷಣೆ, ಕಾರೇ ಅಡಗುತಾಣ. ನಮ್ಮ ಲೈಸೆನ್ಸ್ ಜೊತೆಗೆ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ, ಬಾಡಿಗೆಯವರು ಕೇಳುತ್ತಾರೆ. ಹಗಲಲ್ಲೂ ಹೆಡ್‌ಲೈಟ್ ಹಾಕಿರಲೇಬೇಕು. ಒಂದು ಬಿಯರ್ ಕುಡಿದರೂ ಸ್ಟೇರಿಂಗ್ ಮುಟ್ಟಬೇಡಿ, ಅಲ್ಲಿನ ಮಿತಿ ಅಷ್ಟು ಕಡಿಮೆ. ಹಿಮದ ಮೇಲೆ ಓಡಿಸಿ ಗೊತ್ತಿಲ್ಲದವರು ಮಾರ್ಚ್‌ನಲ್ಲಿ ಸ್ವಂತ ಸಾಹಸ ಮಾಡುವುದು ಬೇಡ. ಬೋಟ್ಸ್‌ಫ್ಯೋರ್ಡ್ ರಸ್ತೆಯಲ್ಲಿ ಹಿಮಗಾಳಿ ಎದ್ದರೆ ಹಿಮ ತಳ್ಳುವ ಗಾಡಿಯ ಹಿಂದೆ ಸಾಲಾಗಿ ಬಿಡುತ್ತಾರೆ, ಇಲ್ಲವೇ ರಸ್ತೆ ಮುಚ್ಚುತ್ತಾರೆ. ರಸ್ತೆಯ ಸ್ಥಿತಿ ತಿಳಿಯಲು 175ಕ್ಕೆ ಫೋನ್ ಮಾಡಬಹುದು.

ದುರ್ಬೀನು, ಟೆಲಿಸ್ಕೋಪ್, ಕ್ಯಾಮೆರಾ?

8x42 ದುರ್ಬೀನು ಸಾಕು. ಸಮುದ್ರದ ಮೇಲಿನ ಬಾತುಗಳಿಗೆ ಟೆಲಿಸ್ಕೋಪ್ ಬೇಕು, ಗಾಳಿಗೆ ಅಲುಗದ ಗಟ್ಟಿ ಸ್ಟ್ಯಾಂಡ್ ಸಮೇತ. ಹೊರ್ನೊಯಾಗೆ ಉದ್ದ ಲೆನ್ಸ್ ಹೊತ್ತುಕೊಂಡು ಹೋಗುವವರನ್ನು ಕಂಡರೆ ಅಯ್ಯೋ ಅನಿಸುತ್ತದೆ. ಪಫಿನ್ ಫ್ರೇಮಿನೊಳಗೆ ಹಿಡಿಸುವುದೇ ಇಲ್ಲ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಹೆಚ್ಚಿನದನ್ನು ಒಳ ಜೇಬಿನಲ್ಲಿ ಇಟ್ಟುಕೊಳ್ಳಿ.

ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಗತಿ?

ಹೋಟೆಲುಗಳಲ್ಲಿ ಮೀನು, ಹಿಮಸಾರಂಗದ ಮಾಂಸ, ಕಿಂಗ್ ಕ್ರ್ಯಾಬ್. ಆ ಏಡಿ ಇಲ್ಲಿಯದಲ್ಲ, 1960ರ ದಶಕದಲ್ಲಿ ಸೋವಿಯತ್ ವಿಜ್ಞಾನಿಗಳು ಪೆಸಿಫಿಕ್‌ನಿಂದ ತಂದು ಬ್ಯಾರೆಂಟ್ಸ್ ಸಮುದ್ರಕ್ಕೆ ಬಿಟ್ಟದ್ದು. ಈಗ ಕಡಲತೋಳಿನ ತುಂಬ ಅದೇ.

ಸಸ್ಯಾಹಾರಿಗಳು ಅಡುಗೆಮನೆ ಇರುವ ಕ್ಯಾಬಿನ್ ಹಿಡಿಯುವುದೇ ಒಳ್ಳೆಯದು. ಅಕ್ಕಿ, ಬೇಳೆ, ತರಕಾರಿ, ಮೊಸರು ಊರಿನ ಸೂಪರ್ ಮಾರ್ಕೆಟ್‌ನಲ್ಲಿ ಸಿಗುತ್ತವೆ. ರವೆ, ಅವಲಕ್ಕಿ, ಸಾರಿನ ಪುಡಿ, ಚಟ್ನಿಪುಡಿ ಮನೆಯಿಂದ ಒಯ್ಯಿರಿ. ತುಪ್ಪ, ಪೇಡ ಬೇಡ. ಯುರೋಪಿನ ಆಚೆಯಿಂದ ಹಾಲು, ಮಾಂಸದ ಪದಾರ್ಥ ತರಲು ನಾರ್ವೆ ಬಿಡುವುದಿಲ್ಲ. ಹೊರಗೆ ಹೋಗುವಾಗ ಫ್ಲಾಸ್ಕಿನಲ್ಲಿ ಬಿಸಿ ಸಾರು ಇದ್ದರೆ ಗಾಳಿತಡೆಯಲ್ಲಿ ಇನ್ನೂ ಒಂದು ಗಂಟೆ ಕೂರಬಹುದು.

ಗೂಡಿನ ಹತ್ತಿರ ಹೋಗಬಹುದಾ? ಹಾಡು ಹಾಕಿ ಕರೆಯಬಹುದಾ? ಡ್ರೋನ್?

ಮೂರಕ್ಕೂ ಬೇಡ. ಟುಂಡ್ರಾದ ಬೇಸಿಗೆ ಆರೆಂಟು ವಾರ ಅಷ್ಟೇ. ತಾಯಿ ಹಕ್ಕಿಯನ್ನು ಎಬ್ಬಿಸಿದರೆ ಮೊಟ್ಟೆ ತಣ್ಣಗಾಗುತ್ತದೆ, ಇಲ್ಲವೇ ಸ್ಕುವಾ ಬಂದು ಎತ್ತಿಕೊಂಡು ಹೋಗುತ್ತದೆ. ಇನ್ನೊಂದು ಸಲ ಮೊಟ್ಟೆ ಇಡಲು ಕಾಲ ಉಳಿದಿರುವುದಿಲ್ಲ. ನಡೆಯುವಾಗ ಒಂದು ಹಕ್ಕಿ ರೆಕ್ಕೆ ಮುರಿದ ಹಾಗೆ ನಟಿಸಿದರೆ ನೀವು ಮರಿಗಳ ನಡುವೆ ಇದ್ದೀರಿ ಅಂತ ಅರ್ಥ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ. ಇನ್ನು ವಾರ್ಡೊದಲ್ಲಿ ವಿಮಾನ ನಿಲ್ದಾಣ, ದೊಡ್ಡ ರೇಡಾರ್ ಕೇಂದ್ರ ಎರಡೂ ಇವೆ. ಡ್ರೋನ್ ಮನೆಯಲ್ಲೇ ಬಿಡಿ.

ಇದು ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ನೆಲ. ಮೇ ತಿಂಗಳಲ್ಲಿ ಅವರ ಹಿಮಸಾರಂಗಗಳು ಮರಿ ಹಾಕುತ್ತವೆ. ಹಿಂಡು ಕಂಡರೆ ಕಾರು ನಿಲ್ಲಿಸಿ, ಇಳಿಯಬೇಡಿ, ಹಾರ್ನ್ ಮಾಡಬೇಡಿ. ನಾರ್ವೆಯಲ್ಲಿ ಬಯಲಿನಲ್ಲಿ ಯಾರು ಬೇಕಾದರೂ ಟೆಂಟ್ ಹಾಕಬಹುದು, ಮನೆಗಳಿಂದ 150 ಮೀಟರ್ ದೂರ ಇರಬೇಕು. ಸಂರಕ್ಷಿತ ಪ್ರದೇಶಗಳಿಗೆ ಬೇರೆ ನಿಯಮ, ಫಲಕ ಓದಿ.

ಪಾಸ್ವಿಕ್ ಕಣಿವೆಯನ್ನೂ ಸೇರಿಸಿಕೊಳ್ಳಲಾ?

ಒಂದೆರಡು ದಿನ ಹೆಚ್ಚಿಗೆ ಇದ್ದರೆ ಸೇರಿಸಿ. ಕಿರ್ಕೆನೆಸ್‌ನಿಂದ ದಕ್ಷಿಣಕ್ಕೆ ಪೈನ್ ಕಾಡು. ಸೈಬೀರಿಯನ್ ಜೇ, ಪೈನ್ ಗ್ರೋಸ್‌ಬೀಕ್, ಹಗಲು ಹೊತ್ತು ಬೇಟೆಯಾಡುವ ಹಾಕ್ ಔಲ್. ಪಕ್ಕದಲ್ಲೇ ರಷ್ಯಾದ ಗಡಿ. ಗಡಿ ದಾಟುವುದು ಹಾಗಿರಲಿ, ಆಚೆಗೆ ಒಂದು ಕಲ್ಲು ಎಸೆದರೂ ಅಪರಾಧ. ಹಕ್ಕಿ ಆ ಕಡೆ ಹಾರಿದರೆ ಹಾರಲಿ ಬಿಡಿ.

ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಜೂನ್‌ನಲ್ಲಿ ಧಾರಾಳವಾಗಿ. ಮುಕ್ಕಾಲು ಪಾಲು ಹಕ್ಕಿ ಕಾರಿನ ಕಿಟಕಿಯಿಂದಲೇ ಕಾಣುತ್ತದೆ. ಹೊರ್ನೊಯಾದ ದೋಣಿ ಹತ್ತಿಳಿಯುವುದು, ಮೇಲಿನ ದಾರಿ ಸ್ವಲ್ಪ ಜಾರುತ್ತದೆ. ಅವರು ಕೆಳಗಿನ ಕಟ್ಟೆಯಲ್ಲೇ ಕೂತರೂ ನಷ್ಟ ಇಲ್ಲ, ಬಂಡೆ ಎದುರೇ ಇದೆ.

ಎಷ್ಟು ದಿನ ಬೇಕು?

ವಾರ್ಡೊದಲ್ಲಿ ಮೂರು ರಾತ್ರಿ, ವಾಡ್ಸೊದಲ್ಲಿ ಎರಡು, ಬೋಟ್ಸ್‌ಫ್ಯೋರ್ಡ್ ಅಥವಾ ಕಾಂಗ್ಸ್‌ಫ್ಯೋರ್ಡ್ ಕಡೆ ಎರಡು. ಸಮುದ್ರ ಕೆಟ್ಟರೆ ಹೊರ್ನೊಯಾ ದೋಣಿ ಹೊರಡುವುದಿಲ್ಲ, ಅದಕ್ಕೇ ವಾರ್ಡೊದಲ್ಲಿ ಒಂದು ದಿನ ಜಾಸ್ತಿ. ಆ ದಿನ ಸುಮ್ಮನೆ ಹೋಗಬಾರದು ಅಂದರೆ ಊರಿನಲ್ಲೇ ಸ್ಟೈಲ್ನೆಸೆಟ್ ಸ್ಮಾರಕ ಇದೆ. 17ನೇ ಶತಮಾನದಲ್ಲಿ ಮಾಟಗಾತಿಯರು ಅಂತ ಆರೋಪ ಹೊರಿಸಿ ಕೊಂದ 91 ಜನರ ನೆನಪಿಗೆ 2011ರಲ್ಲಿ ಕಟ್ಟಿದ್ದು. ನೋಡಿ ಬನ್ನಿ. ಸಂಜೆಗೆ ಗಾಳಿ ಇಳಿದಿದೆಯಾ ಅಂತ ದೋಣಿಯವರಿಗೆ ಇನ್ನೊಂದು ಸಲ ಫೋನ್ ಮಾಡಿ.